ಡಾಕ್ಟರಮ್ಮನ ಮನೆಯ ರೋಗಿ

ಹೋದ ತಿಂಗಳು ಹೊಳೆನರಸೀಪುರದಿಂದ ಮೇಷ್ಟ್ರು ಫೋನು ಮಾಡಿದರು. "ಅವಳು ಹೋದಳಮ್ಮ. ಮೊನ್ನೆಗೆ ಹದಿಮೂರು ದಿನ ಆಯ್ತು. ನಿಮಗೆ ಆವತ್ತೇ ಹೇಳಬೇಕಿತ್ತು. ನಿಮ್ಮ ನಂಬರು ಅವಳ ಫೋನಲ್ಲಿತ್ತು, ಆ ನಂಬರನ್ನ ಹುಡುಕಿ ತೆಗೆಯೋದು ನನಗೆ ಬರಲಿಲ್ಲ" ಎಂದರು. ಮೇಷ್ಟ್ರು ಅಂದರೆ ನಮ್ಮ ಮೇಡಂ ಅವರ ಯಜಮಾನರು, ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು. ನಾನು "ಆಯ್ತು ಸಾರ್" ಎಂದೆ. ಫೋನು ಇಟ್ಟ ಮೇಲೆ, ಸಾವಿನ ಸುದ್ದಿಗೆ ಹಾಗಂದೆನಲ್ಲ ಎಂದು ನಾಚಿಕೆಯಾಯಿತು.

ಮೇಡಂ ಚರ್ಮರೋಗದ ಡಾಕ್ಟರು. ಹಾಸನದಲ್ಲಿ ನಾವಿಬ್ಬರೂ ಒಂದೇ ಆಸ್ಪತ್ರೆಯಲ್ಲಿ ಹದಿನೇಳು ವರ್ಷ ಕೆಲಸ ಮಾಡಿದೆವು, ಅವರು ಹೊರರೋಗಿಗಳ ಕೋಣೆಯಲ್ಲಿ, ನಾನು ಪಕ್ಕದ ಲ್ಯಾಬಿನಲ್ಲಿ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಹೆಸರು ಬರೆದರೆ ಇನ್ನೊಬ್ಬರ ಹೆಸರನ್ನೂ ಬರೆದಂತಾಗುತ್ತದೆ.

ನಾನು ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ಮೊದಲಲ್ಲಿ. ಅರಕಲಗೂಡು ತಾಲ್ಲೂಕಿನ ಒಂದು ಊರಿನ ಕೇರಿಯವಳು ನಾನು. ಅಪ್ಪ ಕೂಲಿ ಮಾಡಿ ಓದಿಸಿದ್ದ. ಮನೆಯ ಗೋಡೆಗೆ ಬುದ್ಧನ ಪಟ ಹಾಕಿದ ಮೇಲೆ ಊರಿನವರು ನಮ್ಮದನ್ನು ಬುದ್ಧನ ಮನೆ ಎಂದು ಕರೆಯುತ್ತಿದ್ದರು, ಅರ್ಧ ಗೌರವಕ್ಕೆ, ಅರ್ಧ ಗೇಲಿಗೆ. ಲ್ಯಾಬ್ ಕೋರ್ಸು ಮುಗಿಸಿ ಬಂದ ನನಗೆ ರಕ್ತ, ಮೂತ್ರ, ಕಫ ಇಷ್ಟೇ ಗೊತ್ತಿತ್ತು. ಮೊದಲ ದಿನವೇ ಮೇಡಂ ಕರೆಸಿದರು. ಹರದನಹಳ್ಳಿ ಕಡೆಯ ಒಬ್ಬ ಹೆಂಗಸು ಮುಂದೆ ಕೂತಿದ್ದಳು, ಮುಂಗೈ ಮೇಲೆ ಬಿಳಚಿದ ಮಚ್ಚೆ. "ನೋಡು" ಎಂದರು. ನಾನು ಗ್ಲೌಸ್ ಹಾಕಿಕೊಳ್ಳತೊಡಗಿದೆ.

"ಅದನ್ನ ತೆಗಿ."

"ಮೇಡಂ, ಕೋರ್ಸಲ್ಲಿ ಹೇಳಿಕೊಟ್ಟಿದ್ದು..."

"ಗ್ಲೌಸ್ ರಕ್ತಕ್ಕೆ. ಇದು ಬರೀ ಚರ್ಮ. ಮೊದಲು ನೋಡು, ಆಮೇಲೆ ಮುಟ್ಟು, ಕೇಳೋದು ಕೊನೇಗೆ. ಈಕೇನ ಯಾರಾದ್ರೂ ಮುಟ್ಟಿ ಎಷ್ಟು ದಿನ ಆಗಿದೆಯೋ ಏನೋ."

ನಾನು ಗ್ಲೌಸ್ ತೆಗೆದು ಬರಿಗೈಯಲ್ಲಿ ಆ ಹೆಂಗಸಿನ ಕೈ ಹಿಡಿದೆ. ಆಕೆ ಅತ್ತುಬಿಟ್ಟಳು. "ಏನಿಲ್ಲ ಕಣವ್ವ, ಅಂಗೇ ಕಣ್ಣಲ್ಲಿ ನೀರು ಬಂದ್ಬುಡ್ತು" ಎಂದಳು. ಮೇಡಂ ಹತ್ತಿಯ ಎಳೆಯನ್ನು ಮೊನಚು ಮಾಡಿ ನನ್ನ ಕೈಗೆ ಕೊಟ್ಟರು. ಕಣ್ಣು ಮುಚ್ಚಿಸಿ ಮಚ್ಚೆಗೆ ಮುಟ್ಟಿಸಬೇಕು, ಎಲ್ಲಿ ಮುಟ್ಟಿತು ಎಂದು ಬೆರಳಲ್ಲಿ ತೋರಿಸಲು ಹೇಳಬೇಕು. ತೋರಿಸಲಿಲ್ಲ ಅಂದರೆ ಅಲ್ಲಿ ಸ್ಪರ್ಶ ಸತ್ತಿದೆ, ಅದು ಕುಷ್ಠ. ಅಂದು ನಾನು ಕಲಿತ ಮೊದಲ ಪಾಠ ಅದು.

ಪಾಠ ಹೇಳುವುದು ಅವರ ಚಟ. ಹಾಸನಕ್ಕೆ ಬರುವ ಮುಂಚೆ ಮೈಸೂರಿನ ಒಂದು ಕಾಲೇಜಿನಲ್ಲಿ ಲೆಕ್ಚರರ್ ಆಗಿದ್ದವರು. ಎಂ.ಡಿ.ಗೆ ಪ್ರಬಂಧ ಬರೆದದ್ದು ಮೊಣಕೈ ಒಳಮಗ್ಗುಲಲ್ಲಿ ಹಾದುಹೋಗುವ ಒಂದು ನರದ ಬಗ್ಗೆ. ಕುಷ್ಠದಲ್ಲಿ ಆ ನರ ಹಗ್ಗದಂತೆ ಊದಿಕೊಳ್ಳುತ್ತದೆ, ಆಮೇಲೆ ಬೆರಳು ಮಡಚಿಹೋಗುತ್ತವೆ. ಊದುವ ಮುಂಚೆಯೇ ಗುರುತು ಹಿಡಿಯುವುದು ಹೇಗೆ ಎಂಬುದು ಅವರ ಆಸಕ್ತಿ. ಅದನ್ನು ಮುಂದುವರಿಸಿ ಇನ್ನೊಂದು ದೊಡ್ಡ ಲೇಖನ ಬರೆಯಬೇಕೆಂದಿದ್ದರು. ಅಷ್ಟರಲ್ಲಿ ಹೊಳೆನರಸೀಪುರದ ಮೇಷ್ಟ್ರ ಜೊತೆ ಮದುವೆಯಾಯಿತು. "ಒಂದು ವರ್ಷ ಹಾಸನದಲ್ಲಿರು, ಆಮೇಲೆ ಕರೆಸಿಕೊಳ್ತೀನಿ" ಎಂದು ಅವರ ಪ್ರೊಫೆಸರ್ ಹೇಳಿ ಕಳಿಸಿದ್ದರಂತೆ.

ಇಲ್ಲಿ ವಿದ್ಯಾರ್ಥಿಗಳಿರಲಿಲ್ಲ. ಹಾಗಾಗಿ ನಾನು ವಿದ್ಯಾರ್ಥಿನಿಯಾದೆ, ಕಾಂಪೌಂಡರ್ ವಿದ್ಯಾರ್ಥಿಯಾದರು, ಜೀಪಿನ ಡ್ರೈವರೂ ಆದ. ಊಟದ ಹೊತ್ತಿನಲ್ಲಿ ಮೈಸೂರಿನಿಂದ ತಂದ ಮರದ ಪೆಟ್ಟಿಗೆ ತೆರೆದು ಸ್ಲೈಡುಗಳನ್ನು ಒಂದೊಂದಾಗಿ ಮೈಕ್ರೋಸ್ಕೋಪಿನ ಕೆಳಗಿಟ್ಟು, "ಇದೇನು ಹೇಳು" ಎನ್ನುತ್ತಿದ್ದರು. ತಪ್ಪು ಹೇಳಿದರೆ ಬಯ್ಯುತ್ತಿರಲಿಲ್ಲ. ಮಜ್ಜಿಗೆ ಅನ್ನ ಕಲೆಸುತ್ತಾ "ಇನ್ನೊಂದು ಸಲ ನೋಡು" ಎನ್ನುವರು. ಆರು ತಿಂಗಳಲ್ಲಿ ಡ್ರೈವರ್ ಚನ್ನರಾಯಪಟ್ಟಣದ ಸಂತೆಯಲ್ಲಿ ಒಬ್ಬನ ಕಿವಿ ನೋಡಿ, "ಮೇಡಮ್ಮಾರೇ, ಆವಯ್ಯನ ಕಿವಿ ದಪ್ಪ ಆಗೈತೆ, ಉಬ್ಬೂ ಉದ್ರೋಗೈತೆ, ಒಸಿ ನೋಡ್ಬುಡಿ" ಎಂದ. ಸರಿಯಾಗಿಯೇ ಹೇಳಿದ್ದ. ಆ ದಿನವೆಲ್ಲ ಮೇಡಂ ಖುಷಿಯಾಗಿದ್ದರು.

ಒಮ್ಮೆ ರುದ್ರಪಟ್ಟಣದಿಂದ ವೀಣೆ ನುಡಿಸುವವರೊಬ್ಬರು ಬಂದರು. ಎಡಗೈಯ ಎರಡು ಬೆರಳ ತುದಿಗೆ ಸ್ಪರ್ಶ ಗೊತ್ತಾಗುತ್ತಿಲ್ಲವೆಂದು ಬಿಳಿಚಿಕೊಂಡಿದ್ದರು. ಮೇಡಂ ಅವರ ಕೈಯನ್ನು ಬಹಳ ಹೊತ್ತು ಹಿಡಿದು, ಮೊಣಕೈಯ ನರ ತಡವಿ, ಕೊನೆಗೆ "ಮೇಜಿನ ಮೇಲೇ ಒಂದು ವರ್ಣ ನುಡಿಸಿ" ಎಂದರು. ಅವರು ಅಳುಕುತ್ತಲೇ ಮೇಜಿನ ಮೇಲೆ ಬೆರಳಾಡಿಸಿದರು. "ಇದು ಜಡ್ಡು. ನಲವತ್ತು ವರ್ಷ ತಂತಿ ಒತ್ತಿದ್ದಕ್ಕೆ ಬಂದಿದ್ದು. ಇದಕ್ಕೆ ನನ್ನ ಹತ್ರ ಔಷಧಿ ಇಲ್ಲ, ಇದ್ರೂ ಕೊಡಲ್ಲ" ಎಂದರು. ಆ ಮನುಷ್ಯ ಎದ್ದು ನಿಂತು ಕೈ ಮುಗಿದರು. ಬಾಗಿಲ ಆಚೆ ಹೋದ ಮೇಲೆ ಅವರು ಏನನ್ನೋ ಗುನುಗುತ್ತಿದ್ದುದು ಒಳಗೆ ಕೇಳಿಸಿತು.

ಹೀಗೆ ಎಲ್ಲರನ್ನೂ ಮುಟ್ಟುತ್ತಿದ್ದ ಮೇಡಂ ತಮ್ಮ ಮನೆಗೆ ಮುಂಬಾಗಿಲಿನಿಂದ ಹೋಗುವಂತಿರಲಿಲ್ಲ. ಮಾವ ಹೊಳೆನರಸೀಪುರ ಪೇಟೆಯ ಒಂದು ಸಣ್ಣ ಗುಡಿಯಲ್ಲಿ ಅರ್ಚಕರು. ಮನೆಯಲ್ಲಿ ಅತ್ತೆ ನೈವೇದ್ಯ ಬೇಯಿಸುವವರು, ಕಟ್ಟುನಿಟ್ಟಿನ ಮಡಿ. ಸೊಸೆ ಸಂಜೆ ರೈಲಿಳಿದು ಬಂದರೆ ಹಿತ್ತಿಲಿನಿಂದ ಬಂದು, ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಂಡು, ಅಲ್ಲೇ ಇಟ್ಟ ಬೇರೆ ಸೀರೆ ಉಟ್ಟು ಒಳಗೆ ಬರಬೇಕು. ಚಳಿಗಾಲದಲ್ಲೂ ಅಷ್ಟೇ. ಒದ್ದೆ ಕೂದಲಿನಿಂದ ಅವರಿಗೆ ಯಾವಾಗಲೂ ನೆಗಡಿ. "ಆ ರೋಗದವರನ್ನ ಮುಟ್ಟಿ ಬರ್ತೀಯ. ಒಳಗೆ ದೇವರಿದ್ದಾನೆ, ಮದುವೆಗೆ ಬಂದ ಹುಡುಗಿ ಇದ್ದಾಳೆ" ಎನ್ನುವರಂತೆ ಅತ್ತೆ. ಹುಡುಗಿ ಅಂದರೆ ಮೇಡಂ ಅವರ ನಾದಿನಿ. ಇದನ್ನೆಲ್ಲ ಮೇಡಂ ದೂರಿನಂತೆ ಹೇಳುತ್ತಿರಲಿಲ್ಲ. ಸೀನುತ್ತಾ ನಗುತ್ತಿದ್ದರು. "ಇನ್ನೇನು, ಒಂದು ವರ್ಷ ತಾನೆ" ಎನ್ನುವರು.

ಆ ವರ್ಷ ಮುಗಿಯುವ ಹೊತ್ತಿಗೆ ಒಂದು ದಿನ ಅವರು ಲ್ಯಾಬಿಗೆ ಬಂದು ಬಾಗಿಲು ಹಾಕಿದರು.

"ಭಾನುವಾರ ನಮ್ಮನೆಗೆ ಬರ್ತೀಯಾ? ಕಿವಿಯಿಂದ ಒಂದು ಸ್ಮಿಯರ್ ತೆಗೀಬೇಕು. ಇದನ್ನ ನಾನು ತೆಗೆಯಲಾರೆ."

"ಯಾರಿಗೆ ಮೇಡಂ?"

ಅವರು ಸ್ಟೂಲು ಎಳೆದುಕೊಂಡು ಕೂತು ಹೇಳಿದರು. ಹಿಂದಿನ ವಾರ ಅತ್ತೆ ಸೌದೆ ಒಲೆಯ ಮೇಲಿಂದ ಕುದಿಯುವ ಪಾತ್ರೆಯನ್ನು ಬಟ್ಟೆಯಿಲ್ಲದೆ ಬರಿಗೈಯಲ್ಲಿ ಇಳಿಸಿದರಂತೆ. ನಿಧಾನವಾಗಿ ಇಳಿಸಿ, ಪಕ್ಕಕ್ಕಿಟ್ಟು, ಸೆರಗು ಸರಿಮಾಡಿಕೊಂಡು ಸೌಟು ಹುಡುಕಿದರಂತೆ. ಬೆರಳಲ್ಲಿ ಬೊಬ್ಬೆ ಎದ್ದಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. "ಒಂದು ವರ್ಷದಿಂದ ಒಂದೇ ಮನೇಲಿದ್ದೀನಿ. ಊರವರ ಕಿವಿ ನೋಡಿದ್ದೀನಿ, ಹುಬ್ಬು ನೋಡಿದ್ದೀನಿ. ಸಂತೇಲಿ ಡ್ರೈವರಿಗೆ ಕಂಡಿದ್ದು ಮನೇಲಿ ನನಗೆ ಕಾಣಲಿಲ್ಲ. ಯಾಕೆ ಗೊತ್ತಾ? ಆಕೆ ನನ್ನನ್ನ ಹತ್ತಿರ ಸೇರಿಸ್ಲಿಲ್ಲ. ನಾನೂ ಆಕೇನ ಮುಖ ಎತ್ತಿ ನೋಡ್ಲಿಲ್ಲ."

ಭಾನುವಾರ ನಾನು ಹೊಳೆನರಸೀಪುರಕ್ಕೆ ಹೋದೆ. ಮಾವ ಗುಡಿಯಲ್ಲಿದ್ದರು, ನಾದಿನಿಯನ್ನು ಯಾವುದೋ ನೆಪ ಮಾಡಿ ಹೊರಗೆ ಕಳಿಸಿದ್ದರು. ಮೇಷ್ಟ್ರು ಮುಂಬಾಗಿಲಿಗೆ ಅಗುಳಿ ಹಾಕಿ ಅದಕ್ಕೇ ಬೆನ್ನು ಕೊಟ್ಟು ನಿಂತರು. ಅತ್ತೆ ಹಿತ್ತಿಲ ಜಗಲಿಯಲ್ಲಿ ಮಣೆಯ ಮೇಲೆ ಕೂತಿದ್ದರು. ಐವತ್ತೈದರ ಆಸುಪಾಸು, ನೆಟ್ಟಗಿನ ಬೆನ್ನು, ದೊಡ್ಡ ಕುಂಕುಮ. ಸೊಸೆ ಅವರಿಗೆ ಆಗಲೇ ಎಲ್ಲ ಹೇಳಿಯಾಗಿತ್ತು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀನು ಯಾವ ಪೈಕಿಯಮ್ಮ?"

ಮೇಡಂ ಬಾಯಿ ಹಾಕಿದರು. "ನಮ್ಮ ಲ್ಯಾಬಿನವಳು, ಅಮ್ಮ."

"ನಿನ್ನನ್ನ ಕೇಳಲಿಲ್ಲ ನಾನು."

ಸುಳ್ಳು ಹೇಳಬಹುದಿತ್ತು. ಹಾಸನದಲ್ಲಿ ಬಾಡಿಗೆ ಮನೆಗೆ ಒಂದೆರಡು ಸಲ ಹೇಳಿಯೂ ಇದ್ದೆ. ಆದರೆ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. "ಅರಕಲಗೂಡು ಕಡೆಯ ಕೇರಿಯವಳು, ಅಮ್ಮ" ಎಂದೆ.

ಅವರು ಕಣ್ಣು ಮುಚ್ಚಿದರು. ಎದ್ದು ಒಳಗೆ ಹೋಗುತ್ತಾರೆ ಎಂದೇ ಎಣಿಸಿದ್ದೆ. ಕೊನೆಗೆ ಅವರು ಕಿವಿಯ ಓಲೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ತಲೆಯನ್ನು ನನ್ನ ಕಡೆಗೆ ವಾಲಿಸಿದರು. "ಹೂಂ. ಹಿಡ್ಕೋ."

ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಒತ್ತಿ, ರಕ್ತ ಸರಿದು ಬೆಳ್ಳಗಾದ ಮೇಲೆ ಬ್ಲೇಡಿನಲ್ಲಿ ಕೂದಲೆಳೆಯಷ್ಟು ಗೀರಿ, ಅಲ್ಲಿನ ರಸವನ್ನು ಕೆರೆದು ಗಾಜಿನ ಮೇಲೆ ಹಚ್ಚಬೇಕು. ನೂರಾರು ಜನಕ್ಕೆ ಮಾಡಿದ ಕೆಲಸ. ಮುಗಿಸಿ ಹತ್ತಿ ಒತ್ತಿ, "ನೋವಾಯ್ತಾ ಅಮ್ಮ?" ಎಂದೆ.

"ಯಾವಾಗ ಕುಯ್ದೆ?" ಎಂದರು.

ಮೇಡಂ ಮುಖ ತಿರುಗಿಸಿದರು.

ಅತ್ತೆ, ಮೇಷ್ಟ್ರು ಇಬ್ಬರೂ ಒಳಗೆ ಹೋದ ಮೇಲೆ ಮೇಡಂ ಎರಡು ಲೋಟ ಕಾಫಿ ತಂದು, ನನ್ನ ಜೊತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕುಡಿದರು. ಸೋಮವಾರ ಬಣ್ಣ ಹಾಕಿ ನೋಡಿದೆ. ನೀಲಿಯ ನಡುವೆ ಕೆಂಪು ಕಡ್ಡಿಗಳಂಥ ರೋಗಾಣುಗಳು ಗೊಂಚಲು ಗೊಂಚಲಾಗಿ ಕಂಡವು. ಮೇಡಂ ಬಗ್ಗಿ ನೋಡಿ, ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ನೋಡಿಯಾದ ಮೇಲೆ, "ಎರಡು ವರ್ಷ" ಎಂದರು. ಆಗ ಇಂಥ ರೋಗಕ್ಕೆ ಮಾತ್ರೆ ಎರಡು ವರ್ಷ ನುಂಗಬೇಕಿತ್ತು. ಅದೇ ವಾರ ಮೈಸೂರಿನ ಪ್ರೊಫೆಸರರ ಕಾಗದ ಬಂದಿತ್ತು, ವಾಪಸು ಬಾ ಎಂದು. ಎರಡು ವರ್ಷ ಆದ ಮೇಲೆ ಬರುತ್ತೇನೆ ಎಂದು ಬರೆದರು.

ಗೊತ್ತಿದ್ದವರು ನಾಲ್ಕೇ ಜನ, ಅತ್ತೆ, ಮೇಷ್ಟ್ರು, ಮೇಡಂ, ನಾನು. ಮಾವನಿಗೆ ಹೇಳಲಿಲ್ಲ. ಹೇಳಿದರೆ ಗುಡಿಯ ಕೆಲಸ ಹೋಗುತ್ತದೆ, ಹುಡುಗಿಯ ಮದುವೆ ನಿಲ್ಲುತ್ತದೆ ಎಂದು ಅತ್ತೆ ಮಗನ ಕೈಲಿ ಆಣೆ ಹಾಕಿಸಿಕೊಂಡಿದ್ದರು. ಮೊದಲ ಕೆಲವು ಡೋಸಿನ ಮೇಲೆ ಯಾರಿಗೂ ಹರಡುವುದಿಲ್ಲ ಎಂದು ಮೇಡಂ ಅವರಿಗೆ ಗೊತ್ತಿತ್ತು. ಆದರೂ ಮನೆಯವರನ್ನೆಲ್ಲ ಪರೀಕ್ಷೆ ಮಾಡಬೇಕಲ್ಲ? ದೀಪಾವಳಿ ಎಣ್ಣೆಸ್ನಾನಕ್ಕೆ ನಾದಿನಿಯ ಬೆನ್ನಿಗೆ ತಾವೇ ಎಣ್ಣೆ ಹಚ್ಚುತ್ತೇನೆಂದು ಹಟ ಹಿಡಿದು ಅಂಗುಲ ಅಂಗುಲ ನೋಡಿದರು. ಮಾವನ ಬೆನ್ನಿಗೆ ಎಣ್ಣೆ ಹಚ್ಚಲು ಮೇಷ್ಟ್ರಿಗೆ ಎರಡು ದಿನ ತರಬೇತಿ ಕೊಟ್ಟರು. ಆ ಬೆನ್ನ ಮೇಲೆ ಅವರಿಗೆ ಸಿಕ್ಕಿದ್ದು ಒಂದು ನರಹುಲಿ ಮಾತ್ರ. ನಾವಿಬ್ಬರೂ ಈ ವಿಷಯ ನೆನೆದು ಎಷ್ಟೋ ಸಲ ನಕ್ಕಿದ್ದೇವೆ. ನಗಲು ಬೇರೆ ಏನೂ ಇರಲಿಲ್ಲ.

ಮಾತ್ರೆಯಿಂದ ಅತ್ತೆಯ ಮೈಬಣ್ಣ ಕಪ್ಪಾಗುತ್ತಾ ಬಂತು. ಕೆಂಪು ಮಿಶ್ರಿತ ಕಪ್ಪು. ಅದು ಆ ಔಷಧಿಯ ಗುಣ. ನೆರೆಯವರು ಕೇಳಿದರೆ "ಪಿತ್ತ" ಎನ್ನುತ್ತಿದ್ದರಂತೆ. ಮೊದಲು ಗುಡಿಗೆ ಹೋಗುವುದು ಬಿಟ್ಟರು, ಆಮೇಲೆ ಮದುವೆ ಮುಂಜಿ ಬಿಟ್ಟರು, ಕೊನೆಗೆ ಬೀದಿ ಬಾಗಿಲಿಗೆ ಬರುವುದನ್ನೂ ಬಿಟ್ಟರು. ಇಷ್ಟಾದರೂ ಸೊಸೆಗೆ ಹಿತ್ತಿಲ ಸ್ನಾನ ತಪ್ಪಲಿಲ್ಲ. ಸಂಜೆ ಅದೇ ಒದ್ದೆ ತಲೆಯಲ್ಲಿ ಬಂದು ಮೇಡಂ ಅತ್ತೆಯ ಕೈಗೆ ಮಾತ್ರೆ ಹಾಕುವರು. ಅವರು ನುಂಗುವರು.

"ನಿಮಗೆ ಕೋಪ ಬರಲ್ವಾ ಮೇಡಂ?" ಎಂದು ಒಮ್ಮೆ ಕೇಳಿದೆ.

"ಬರುತ್ತೆ. ಆದ್ರೆ ಸ್ನಾನ ಮಾಡಿ ಬಾ ಅನ್ನೋದೊಂದೇ ಆಕೆಗೆ ಉಳಿದಿರೋದು. ಅದನ್ನೂ ಕಿತ್ಕೊಂಡ್ರೆ ಹೆಂಗೆ?"

ಎರಡು ವರ್ಷ ಮುಗಿಯಲು ಎರಡು ತಿಂಗಳಿತ್ತು. ಮೈಸೂರಿನಲ್ಲಿ ರೀಡರ್ ಹುದ್ದೆಗೆ ಸಂದರ್ಶನ ಎಂದು ಪ್ರೊಫೆಸರ್ ಮತ್ತೆ ಬರೆದರು. ಈ ಸಲ ಹೋಗುವುದೆಂದು ಮೇಡಂ ಹೊಸ ಸೀರೆಗೆ ಫಾಲ್ ಹೊಲಿಸಿದರು. ಪ್ರಬಂಧದ ಪ್ರತಿಗೆ ಹೊಸ ರಟ್ಟು ಹಾಕಿಸಿದರು. ನಾನು ರಜೆ ಹಾಕಿ, ಜೊತೆಗೆ ಹೋಗಲೆಂದು ಬೆಳಗಿನ ರೈಲಿಗೆ ಹೊಳೆನರಸೀಪುರಕ್ಕೆ ಹೋಗಿ ಪ್ಲಾಟ್‌ಫಾರಂ ಮೇಲೆ ಕಾದೆ. ಅವರು ಬರಲಿಲ್ಲ. ಮೈಸೂರಿನ ರೈಲು ಬಂದು ಹೊರಟಿತು. ನಾನು ಮನೆಗೆ ನಡೆದೆ.

ಮೇಡಂ ಹೊಸ ಸೀರೆ ಉಟ್ಟೇ ಹಿತ್ತಿಲ ಜಗಲಿಯಲ್ಲಿ ಕೂತು ಅತ್ತೆಯ ಮೊಣಕೈ ಹಿಡಿದಿದ್ದರು. ಬೆಳಿಗ್ಗೆ ಎದ್ದು ಅಕ್ಕಿ ತೊಳೆಯಲು ಹೋದಾಗ ಅತ್ತೆಯ ಬಲಗೈಯ ಕೊನೆಯ ಎರಡು ಬೆರಳು ಮಡಚಿಕೊಂಡು ನೆಟ್ಟಗಾಗಲೇ ಇಲ್ಲ. ನರ ಊದಿತ್ತು. ರೋಗ ವಾಸಿಯಾಗುತ್ತಿರುವಾಗಲೇ ಕೆಲವರಿಗೆ ಹೀಗಾಗುತ್ತದೆ. ಕೂಡಲೇ ಸ್ಟೀರಾಯ್ಡ್ ಕೊಡಬೇಕು, ತಿಂಗಳುಗಟ್ಟಲೆ ದಿನ ದಿನ ನೋಡಿ ಡೋಸ್ ಇಳಿಸಬೇಕು. ಮೇಡಂ ಪ್ರಬಂಧ ಬರೆದದ್ದು ಇದೇ ನರದ ಮೇಲೆ.

"ನೀನು ಹೋಗು" ಎಂದು ಮೇಷ್ಟ್ರು ಮೂರು ಸಲ ಹೇಳಿದರು. ನಾಲ್ಕನೇ ಸಲಕ್ಕೆ ಅವರ ದನಿ ಸಣ್ಣಗಾಯಿತು. "ಹೋಗು. ಆದ್ರೆ ಅಮ್ಮನ್ನ ಯಾರ ಹತ್ರ ಕರ್ಕೊಂಡು ಹೋಗ್ಲಿ, ಅದೊಂದು ಹೇಳಿ ಹೋಗು."

ಅತ್ತೆ ಎಡಗೈಯಲ್ಲಿ ಸೊಸೆಯ ಸೆರಗಿನ ತುದಿ ಹಿಡಿದಿದ್ದರು. ಹಿಡಿದದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ, ಆ ಕೈಗೂ ಸ್ಪರ್ಶ ಅಷ್ಟಕ್ಕಷ್ಟೇ. ಮೇಡಂ ಸೆರಗು ಬಿಡಿಸಿಕೊಳ್ಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಂದರ್ಶನ ಮುಗಿದಿತ್ತು.

ಇದಾದ ಮೇಲೆ ಅವರು ಮೈಸೂರಿನ ಮಾತು ತೆಗೆಯುವುದು ಕಡಿಮೆಯಾಯಿತು. ಕೆಲಸ ಮಾತ್ರ ಹೆಚ್ಚು ಮಾಡಿದರು. ಆ ದಿನಗಳಲ್ಲೇ ಬಾಗೂರಿಗೆ ಹೋದದ್ದು. ಅಲ್ಲಿ ಒಬ್ಬ ರೈತನಿಗೆ ಚಿಕಿತ್ಸೆ ಮುಗಿದು ವಾಸಿಯಾಗಿತ್ತು, ಆದರೆ ಮನೆಯವರು ಅವನನ್ನು ಇನ್ನೂ ಕೊಟ್ಟಿಗೆಯಲ್ಲೇ ಮಲಗಿಸಿ ಬೇರೆ ತಟ್ಟೆಯಲ್ಲಿ ಊಟ ಇಡುತ್ತಿದ್ದರು. ಮೇಡಂ ಜೀಪಿಳಿದು ಸೀದಾ ಕೊಟ್ಟಿಗೆಗೆ ಹೋಗಿ, ಅವನ ಚೊಂಬಿನಿಂದಲೇ ನೀರು ಎತ್ತಿ ಕುಡಿದರು. ಹತ್ತು ಹದಿನೈದು ಜನ ಸೇರಿದರು. ಮುಚ್ಚಿಡುವ ರೋಗ ಅಲ್ಲ ಇದು, ಎಲ್ಲರೂ ಧೈರ್ಯವಾಗಿ ಬಂದು ತೋರಿಸಿಕೊಳ್ಳಿ ಎಂದು ಎಂದಿನಂತೆ ಹೇಳುತ್ತಿದ್ದರು. ರೈತನ ಅಣ್ಣ ಮುಂದೆ ಬಂದ.

"ಅಲ್ಲಾ ಡಾಕ್ಟ್ರವ್ವ, ಏಳೋದೇನೋ ಚಂದಾಗೇ ಏಳ್ತೀರಿ. ನಿಮ್ಮನೇಲೇ ಯಾರ್ಗಾರ ಬಂದಿದ್ರೆ ಇಂಗೇ ಊರೋರ್ ಮುಂದೆ ನಿಂತ್ಕಂಡು ಏಳ್ತಿದ್ರಾ?"

ಕೇಳಬಾರದ್ದೇನನ್ನೂ ಆತ ಕೇಳಿರಲಿಲ್ಲ. ನಾನು ನೆಲ ನೋಡಿದೆ. ಮೇಡಂ ಅವರಿಗೆ ಉತ್ತರಕ್ಕೆ ಬರ ಇರುತ್ತಿರಲಿಲ್ಲ, ಅಂದು ಕೈಯಲ್ಲಿದ್ದ ಚೊಂಬನ್ನು ಮೊದಲು ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು. "ಹೇಳ್ತಿರ್ಲಿಲ್ಲ ಅನ್ಸುತ್ತೆ ಕಣಪ್ಪ. ಆದ್ರೆ ಮಾತ್ರೆ ಕೊಡ್ತಿದ್ದೆ. ಪಕ್ಕದಲ್ಲಿ ಕೂರಿಸ್ಕೊಂಡು ಊಟ ಹಾಕ್ತಿದ್ದೆ. ನೀನೂ ಅಷ್ಟು ಮಾಡು, ಸಾಕು."

ಆತ ತಲೆ ಕೆರೆದುಕೊಂಡ. "ಬಲೇ ಚೆಂದಾಗ್ ಏಳ್ಬುಟ್ರಿ ಕಣವ್ವ" ಎಂದು ತಮ್ಮನ ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆದುಕೊಂಡು ಹೋದ. ವಾಪಸು ಬರುವಾಗ ಜೀಪಿನಲ್ಲಿ ಮೇಡಂ, ಡ್ರೈವರಿಗೆ ಕೇಳದಂತೆ, "ಬೆಳಗ್ಗೆಯಿಂದ ಮುಚ್ಚಿಡಬೇಡಿ ಅಂತೀನಿ. ಸಂಜೆ ಮನೆಗೆ ಹೋಗಿ ಮುಚ್ಚಿಡ್ತೀನಿ" ಎಂದರು.

ಅತ್ತೆಯ ರೋಗ ಪೂರ್ತಿ ವಾಸಿಯಾಯಿತು. ನಾನೇ ಮತ್ತೆ ಹೋಗಿ ಸ್ಮಿಯರ್ ತೆಗೆದೆ, ಒಂದೂ ಕಡ್ಡಿ ಕಾಣಲಿಲ್ಲ. ಆದರೆ ಮಡಚಿದ ಎರಡು ಬೆರಳು ಹಾಗೇ ಉಳಿದವು, ಕೈಕಾಲಿನ ಜೋಮೂ ಉಳಿಯಿತು. ಒಲೆಯ ಹತ್ತಿರ ಬಿಡುವಂತಿಲ್ಲ. ಕಲ್ಲು ಮುಳ್ಳು ಚುಚ್ಚಿದರೂ ತಿಳಿಯದ್ದರಿಂದ ದಿನಾ ಪಾದ ನೋಡಬೇಕು. ನೋಡಲು ಇನ್ನೊಬ್ಬರನ್ನು ಅವರು ಬಿಡುವುದಿಲ್ಲ. ಮೀಟರ್‌ಗೇಜ್ ಕಿತ್ತು ಬ್ರಾಡ್‌ಗೇಜ್ ಹಾಕುವಾಗ ರೈಲು ನಿಂತಿದ್ದ ಕಾಲದಲ್ಲಿ, ಮೇಡಂ ಹಾಸನದಲ್ಲಿ ಒಂದು ರೂಮು ಮಾಡಿಕೊಳ್ಳುವ ಯೋಚನೆ ಮಾಡಿದ್ದರು. ಒಂದು ವಾರ ಇದ್ದರಷ್ಟೆ. ಅಷ್ಟರಲ್ಲಿ ಅತ್ತೆಯ ಹಿಮ್ಮಡಿಯಲ್ಲಿ ಹುಣ್ಣಾಗಿತ್ತು. ಮತ್ತೆ ಬಸ್ಸು ಹತ್ತಿದರು. ನಾದಿನಿಯ ಮದುವೆಯಾಯಿತು, ಬಾಣಂತನವಾಯಿತು. ಮದುವೆಯಾದ ಮೇಲಾದರೂ ಹೇಳಬಹುದು ಎಂದುಕೊಂಡಿದ್ದರು. ಆಗ ಅಳಿಯನ ಮನೆಯವರ ಹೆದರಿಕೆ ಶುರುವಾಯಿತು. ಮೈಸೂರಿನ ಪ್ರೊಫೆಸರ್ ನಿವೃತ್ತರಾದರು. ಕಾಗದಗಳು ನಿಂತವು. ವಯಸ್ಸು ದಾಟಿತು. ಹಾಸನದಲ್ಲಿ ಕಳೆದ ವರ್ಷಗಳು ಪಾಠ ಹೇಳಿದ ಅನುಭವ ಎಂದು ಎಲ್ಲೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಮರದ ಪೆಟ್ಟಿಗೆಯ ಸ್ಲೈಡುಗಳ ಬಣ್ಣ ಮಾಸಿದವು. ಹೊಸದಾಗಿ ಬಣ್ಣ ಹಾಕಲೇ ಎಂದರೆ "ಯಾರಿಗೆ?" ಎಂದರು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಮಾವ ತೀರಿಕೊಂಡು ವರ್ಷ ಕಳೆದಿತ್ತು. ಆಗ ನಮ್ಮಲ್ಲಿಗೆ ಹೊರಗಿನ ಒಂದು ಕಾಲೇಜಿನಿಂದ ಐದಾರು ಮಂದಿ ಎಳೆಯ ಡಾಕ್ಟರುಗಳು ಹದಿನೈದು ದಿನದ ತರಬೇತಿಗೆಂದು ಬಂದು ಹೋಗುತ್ತಿದ್ದರು. ಒಂದು ಸೋಮವಾರ ಬೆಳಿಗ್ಗೆ ಚೀಟಿ ಬರೆಯುವವನು ರಜೆ, ನಾನೇ ಕೂತಿದ್ದೆ. ಸಾಲು ಉದ್ದವಿತ್ತು. ತಲೆ ಎತ್ತದೆ "ಹೆಸರು?" ಎಂದೆ. ಹೆಸರು ಕೇಳಿ ಪೆನ್ನು ನಿಂತಿತು.

ಅತ್ತೆ. ಒಬ್ಬರೇ. ಕಾಲಿಗೆ ಬಟ್ಟೆ ಸುತ್ತಿಕೊಂಡು, ರೈಲಿನಲ್ಲಿ ಬಂದು, ಸಾಲಿನಲ್ಲಿ ನಿಂತು ಬಂದಿದ್ದರು. ಅವರ ಹಿಂದೆ ನಿಂತಿದ್ದ ಮುದುಕ ಅವರ ಹೆಗಲಿಗೆ ತಾಗಿಕೊಂಡೇ ಇದ್ದ.

"ಒಳಗೆ ಬನ್ನಿ ಅಮ್ಮ, ಮೇಡಂನ ಕರೀತೀನಿ."

"ಬೇಡ. ಬರಕೋ. ಊರು ಹೊಳೆನರಸೀಪುರ. ಕಾಯಿಲೆ ಏನು ಅಂತ ನಿನಗೆ ಗೊತ್ತು, ಅದನ್ನೂ ಬರಿ."

"ಯಾಕಮ್ಮ ಹೀಗೆ ಒಬ್ಬರೇ..."

"ನಿನ್ನೆ ಮನೆಗೆ ಒಬ್ಬಳು ಬಂದಿದ್ದಳು. ಹುಡುಗಿಯಾಗಿದ್ದಾಗ ಮೈಸೂರಲ್ಲಿ ಇವಳ ಹತ್ತಿರ ಆರು ತಿಂಗಳು ಕೆಲಸ ಕಲಿತವಳಂತೆ. ಈಗ ಯಾವುದೋ ಕಾಲೇಜಲ್ಲಿ ಪ್ರೊಫೆಸರಂತೆ. 'ನೀವು ಕೂರಬೇಕಾಗಿದ್ದ ಕುರ್ಚಿ ಮೇಡಂ' ಅಂತ ಇವಳ ಕಾಲಿಗೆ ಬಿದ್ದಳು. ಇವಳು ನಕ್ಕು ಕಾಫಿ ಕೊಟ್ಟು ಕಳಿಸಿದಳು. ನಾನು ಒಳಗೆ ಬಾಗಿಲ ಹಿಂದೆ ಇದ್ದೆ." ಕಾಲಿನ ಬಟ್ಟೆ ಸರಿಮಾಡಿಕೊಂಡು, "ನಾನು ಬಾಗಿಲ ಹಿಂದೆ ಇದ್ದು ಸಾಕಾಯಿತು ಕಣೇ" ಎಂದರು.

ಅವರ ಸರದಿ ಬರುವ ತನಕ ಬೆಂಚಿನ ಮೇಲೆ ಎಲ್ಲರ ನಡುವೆ ಕೂತರು. ಸರದಿ ಬಂದಾಗ ಮೇಡಂ ಹುಡುಗರಿಗೆ ಏನೋ ಹೇಳುತ್ತಿದ್ದರು. ತಿರುಗಿ ನೋಡಿದರು. ಚೀಟಿ ಓದಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ಅವರ ಮುಖದಲ್ಲಿ ಮೊದಲು ಕಂಡದ್ದು ಭಯ. ಎದ್ದು ಬಾಗಿಲು ಹಾಕಲು ಹೋದರು.

"ತೆಗೆದಿರಲಿ" ಎಂದರು ಅತ್ತೆ. ಸ್ಟೂಲಿನ ಮೇಲೆ ಕೂತು ಎರಡೂ ಕೈಯನ್ನು ಮೇಜಿನ ಮೇಲೆ ಚಾಚಿದರು. "ಈ ಮಕ್ಕಳಿಗೆ ತೋರಿಸು."

ಮೇಡಂ ಒಬ್ಬ ಹುಡುಗನಿಗೆ ಹತ್ತಿ ಕೊಟ್ಟರು. ಹುಡುಗ ಕಣ್ಣು ಮುಚ್ಚಿಸಿ ಬೆರಳು, ಅಂಗೈ, ಮಣಿಕಟ್ಟು ಎಲ್ಲ ಕಡೆ ಮುಟ್ಟಿದ. ಅತ್ತೆ ಎಲ್ಲೂ ತೋರಿಸಲಿಲ್ಲ. "ಪೇಷೆಂಟ್ ಕೋಆಪರೇಟ್ ಮಾಡ್ತಿಲ್ಲ ಮೇಡಂ" ಎಂದ.

"ಮುಟ್ಟಿದೆಯ ಮಗು? ಗೊತ್ತಾಗಲಿಲ್ಲ" ಎಂದರು ಅತ್ತೆ.

ಹುಡುಗ ಕೆಂಪಾದ. ಒಬ್ಬ ಹುಡುಗಿ ಪುಸ್ತಕ ತೆರೆದು ಪ್ರಶ್ನೆ ಕೇಳಲು ಶುರುಮಾಡಿದಳು. ಯಾವಾಗ ಶುರುವಾಯಿತು, ಮೊದಲು ಕಂಡುಹಿಡಿದವರು ಯಾರು.

"ನನ್ನ ಸೊಸೆ. ಅಲ್ಲಿ ನಿಂತಿದ್ದಾಳಲ್ಲ, ಅವಳೇ."

ಐದಾರು ತಲೆ ಒಟ್ಟಿಗೆ ತಿರುಗಿದವು.

"ಹಾಗಾದ್ರೆ ಆಸ್ಪತ್ರೆಗೆ ಯಾಕೆ ಬರಲಿಲ್ಲ ಅಜ್ಜಿ?"

"ಮಗಳ ಮದುವೆ ಆಗಬೇಕಿತ್ತು. ಯಜಮಾನರು ದೇವರನ್ನ ಮುಟ್ಟಬೇಕಿತ್ತು. ನಾನು ಬರಲಿಲ್ಲ. ಇವಳನ್ನೂ ಎಲ್ಲಿಗೂ ಹೋಗಲು ಬಿಡಲಿಲ್ಲ." ಆಮೇಲೆ ಪುಸ್ತಕದ ಕಡೆ ನೋಡಿ, "ಅದನ್ನೂ ಬರಕೊಳ್ಳಮ್ಮ" ಎಂದರು.

ಮೇಡಂ ಮೂಲೆಯ ನಲ್ಲಿಗೆ ಹೋಗಿ ಕೈ ತೊಳೆಯತೊಡಗಿದರು. ತುಂಬ ಹೊತ್ತು ತೊಳೆದರು. ಮರಳಿ ಬಂದು, ಅತ್ತೆಯ ಮೊಣಕೈ ಕೆಳಗೆ ಕೈಯಿಟ್ಟು, ಆ ನರ ಎಲ್ಲಿ ಹೋಗುತ್ತದೆ, ಹೇಗೆ ಬೆರಳಿಡಬೇಕು, ಯಾವ ಹೊತ್ತಿಗೆ ಔಷಧಿ ಕೊಟ್ಟಿದ್ದರೆ ಈ ಬೆರಳು ಉಳಿಯುತ್ತಿತ್ತು, ತಾವು ಎಲ್ಲಿ ತಡಮಾಡಿದ್ದು, ಎಲ್ಲ ಹೇಳಿದರು. ಒಂದು ಗಂಟೆ ಹೇಳಿರಬೇಕು. ಹೊರಗಿನ ಸಾಲಿನವರು ಗೊಣಗಿದರು, ಆಮೇಲೆ ಅವರೂ ಬಾಗಿಲಲ್ಲಿ ಇಣುಕಿ ನಿಂತು ಕೇಳಿದರು. ಅಷ್ಟು ಚೆನ್ನಾಗಿ ಪಾಠ ಹೇಳಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಸಂಜೆ ಅವರಿಬ್ಬರ ಜೊತೆ ನಾನೂ ಸ್ಟೇಷನ್ನಿಗೆ ಹೋದೆ. ಅತ್ತೆ ಬೆಂಚಿನ ಮೇಲೆ ಕೂತು ಹೋಗಿ ಬರುವವರನ್ನು ನೋಡುತ್ತಿದ್ದರು. ಹನ್ನೆರಡು ವರ್ಷದ ಹತ್ತಿರ ಹತ್ತಿರ ಆಗಿತ್ತು ಅವರು ಅಷ್ಟು ಜನರನ್ನು ಒಟ್ಟಿಗೆ ನೋಡಿ. ಕಡಲೆಕಾಯಿ ಮಾರುವವನನ್ನು ತಾವೇ ಕೂಗಿ ಕರೆದರು.

ಮೇಡಂ ಮತ್ತು ನಾನು ಸ್ವಲ್ಪ ದೂರ ನಿಂತಿದ್ದೆವು. ಮೈಸೂರಿನ ಕಡೆಯ ರೈಲು ಬರುವುದಿತ್ತು, ಹೊಳೆನರಸೀಪುರಕ್ಕೂ ಅದೇ ರೈಲು.

"ಇನ್ನು ನಾನು ಹೋಗ್ಬಹುದು ಕಣೇ" ಎಂದರು ಮೇಡಂ. ನನ್ನ ಕಡೆ ನೋಡಲಿಲ್ಲ. "ಯಾರೂ ಹಿಡ್ಕೊಂಡಿಲ್ಲ. ಆದ್ರೆ ಎಲ್ಲಿಗೆ ಅಂತ ಗೊತ್ತಾಗ್ತಿಲ್ಲ."

ಅವರಿಗೆ ಆಗ ಐವತ್ತಕ್ಕೆ ಎರಡು ಕಡಿಮೆ. ರೈಲು ಬಂತು. ಅವರು ಅತ್ತೆಯ ಕೈ ಹಿಡಿದು ಮೊದಲು ಅವರನ್ನು ಹತ್ತಿಸಿ, ಆಮೇಲೆ ತಾವು ಹತ್ತಿದರು. ಮಾರನೆಯ ದಿನ ಒಂಬತ್ತು ಗಂಟೆಗೆ ನಾನು ಲ್ಯಾಬಿನ ಬಾಗಿಲು ತೆಗೆಯುವಾಗ ಪಕ್ಕದ ಕೋಣೆಯಲ್ಲಿ ಮೇಡಂ ಆಗಲೇ ಬಂದು ಕೂತಿದ್ದರು. "ಮೊದಲನೆಯವರನ್ನ ಕಳಿಸಿ" ಎಂದು ಕೂಗಿದ್ದು ಕೇಳಿಸಿತು.